ಗಣಕವಿದ್ಯೆಯೂ ಗ್ರಾಮಲೆಕ್ಕಿಗರ ಉದ್ಯೋಗಕ್ಷೇಮವೂ

ನಮ್ಮ ಕಚೇರಿಗಳಲ್ಲಿ ದಿನವೂ ಕಿವಿಗೆ ಬೀಳುವ ‘ಕಡತ’ ಎಂಬ ಮಾತು ಮೊದಲು ಒಂದು ವಸ್ತುವಿನ ಹೆಸರಾಗಿತ್ತೆಂಬುದನ್ನು ಈಗ ನೆನೆಯುವವರು ವಿರಳ. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಆ ಕಪ್ಪು ಹೊತ್ತಗೆಯೇ ಕಡತ. ಬರೆದುದು ಬೇಡವಾದರೆ ಒರಸಿ ಮತ್ತೆ ಬರೆಯಬಹುದಾಗಿತ್ತು. ಜೋಪಾನವಾಗಿಟ್ಟರೆ ತಲೆಮಾರುಗಳವರೆಗೆ ಉಳಿಯುತ್ತಲೂ ಇತ್ತು. ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಪ್ರಕಟವಾಗತೊಡಗಿದ ತನ್ನ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಕಡತ ಹೋಗಿ ಕಾಗದ ಬಂದಿತು. ಕಾಗದದ ಮೇಲೆ ಗಣಕಯಂತ್ರ ಬಂದು ಕುಳಿತಿತು. ಈಗ ಆ ಯಂತ್ರವೂ ಕುಗ್ಗಿ ಅಂಗೈಯಗಲದ ಮೊಬೈಲ್ ಫೋನಾಗಿದೆ. ಆದರೂ ಕಚೇರಿಯವರು ಪರದೆಯ ಮೇಲಿನ ಲೆಕ್ಕವನ್ನೂ ಕಡತವೆಂದೇ ಕರೆಯುತ್ತಾರೆ.

ಬರೆಯುವ ಸಾಧನ ಬದಲಾದಾಗಲೆಲ್ಲ ಬರೆಯುವವನ ಕಸಬು, ಅವನ ಅಧಿಕಾರ, ಅವನ ದಿನಚರಿ ಇವೂ ಬದಲಾಗುತ್ತವೆ. ಅವುಗಳೊಡನೆ ಅವನ ಮನಸ್ಸಿನ ನೆಮ್ಮದಿಯೂ ಬದಲಾಗುತ್ತದೆ. ಮೊದಲ ಮೂರನ್ನು ಕುರಿತು ಚರಿತ್ರಕಾರರು ಬಹಳಷ್ಟು ಬರೆದಿದ್ದಾರೆ. ನಾಲ್ಕನೆಯದನ್ನು ಮನಶ್ಶಾಸ್ತ್ರಜ್ಞರಿಗೆ ಬಿಟ್ಟುಕೊಟ್ಟು ಸುಮ್ಮನಾದುದೇ ಹೆಚ್ಚು. ಪ್ರಕೃತ ಲೇಖನದಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು, ಗ್ರಾಮಲೆಕ್ಕಿಗನೆಂಬ ಒಬ್ಬ ನೌಕರನ ಉದ್ಯೋಗಕ್ಷೇಮವನ್ನು ಚರಿತ್ರೆಯ ಬೆಳಕಿನಲ್ಲಿ ನೋಡುವ ಪ್ರಯತ್ನ ಮಾಡಲಾಗಿದೆ. ಗಣಕ ಮತ್ತು ಉದ್ಯೋಗ ಎಂದೊಡನೆ ಬೆಂಗಳೂರಿನ ದೊಡ್ಡ ಕಂಪೆನಿಗಳು ನೆನಪಾಗುವುದು ಸಹಜವೇ. ಆದರೆ ಅಲ್ಲಿಯವರು ಯಂತ್ರವನ್ನು ಅರಸಿಕೊಂಡು ಹೋದವರು. ಯಂತ್ರವೇ ಅರಸಿಕೊಂಡು ಬಂದು ಕೈಹಿಡಿದವರ ಪಾಡು ಬೇರೆ. ಕಾನಹೊಸಹಳ್ಳಿಯಂಥ ಹೋಬಳಿ ಊರಿನಲ್ಲಿ ಬೆಳೆದ ನನಗೆ ಕಣ್ಣಾರೆ ಕಂಡದ್ದು ಈ ಎರಡನೆಯವರ ಪಾಡು.

ಬಳ್ಳಾರಿ ಸೀಮೆ ೧೮೦೦ರಲ್ಲಿ ಹೈದರಾಬಾದಿನ ನಿಜಾಮನಿಂದ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಡಲ್ಪಟ್ಟಿತು. ಅಂದಿನಿಂದ ೧೮೦೭ರವರೆಗೆ ಈ ‘ದತ್ತಮಂಡಲ’ದ ಮುಖ್ಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಇಲ್ಲಿ ಭೂಮಿಯ ಅಳತೆ ಮಾಡಿಸಿ ರಯತವಾರಿ ಪದ್ಧತಿಯ ತಳಹದಿಯನ್ನು ಹಾಕಿದನು. ಜಮೀನ್ದಾರನೊಬ್ಬನೊಡನೆ ಒಟ್ಟು ಕಂದಾಯವನ್ನು ಗೊತ್ತುಮಾಡಿಕೊಳ್ಳುವಲ್ಲಿ ಸರ್ಕಾರಕ್ಕೆ ಒಂದು ಸಾಲಿನ ಲೆಕ್ಕ ಸಾಕು. ಒಬ್ಬೊಬ್ಬ ರೈತನೊಡನೆ, ಒಂದೊಂದು ಹೊಲಕ್ಕೆ ಕಂದಾಯ ಕಟ್ಟುವುದಾದರೆ ಊರಿಗೆ ಸಾವಿರ ಸಾಲುಗಳು ಬೇಕು. ಆ ಸಾವಿರ ಸಾಲುಗಳನ್ನು ವರ್ಷವರ್ಷವೂ ತಿದ್ದುವ ಒಬ್ಬ ಮನುಷ್ಯನೂ ಬೇಕು. ಆ ಮನುಷ್ಯ ಮೊದಲೇ ಇದ್ದನು. ಮದರಾಸು ಪ್ರಾಂತದಲ್ಲಿ ಅವನನ್ನು ಕರಣಂ ಎಂದರು. ಮೈಸೂರಿನಲ್ಲಿ ಶಾನುಭೋಗ, ಮುಂಬಯಿ ಕರ್ನಾಟಕದಲ್ಲಿ ಕುಲಕರ್ಣಿ, ಹೈದರಾಬಾದ್ ಕರ್ನಾಟಕದಲ್ಲಿ ಪಟವಾರಿ. ನಮ್ಮ ಐದು ತಾಲ್ಲೂಕುಗಳು ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸಿನಲ್ಲಿದ್ದುದರಿಂದ ಇಲ್ಲಿಯ ಹಳೆಯ ದಾಖಲೆಗಳಲ್ಲಿ ಕರಣಂ ಎಂಬ ಹೆಸರೂ ಅಡಂಗಲ್ ಎಂಬ ಲೆಕ್ಕವೂ ಕಂಡುಬರುತ್ತವೆ.

ಕರಣಿಕನ ವಿದ್ಯೆ ಎಂಥದು? ಹೊಲವನ್ನು ಕಣ್ಣಳತೆಯಲ್ಲಿಯೇ ಅಂದಾಜು ಮಾಡುವುದು, ಮಗ್ಗಿ ಹಾಗೂ ಭಿನ್ನರಾಶಿಗಳನ್ನು ಬಾಯಲ್ಲಿಯೇ ಒಪ್ಪಿಸುವುದು, ಯಾರ ಹೊಲದ ಬದು ಯಾರದಕ್ಕೆ ತಗಲಿದೆಯೆಂದು ನೆನಪಿಟ್ಟುಕೊಳ್ಳುವುದು, ಒಪ್ಪವಾದ ಅಕ್ಷರದಲ್ಲಿ ವೇಗವಾಗಿ ಬರೆಯುವುದು. ಇದೆಲ್ಲವನ್ನೂ ಅವನು ತಂದೆಯ ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದನು. ಒಮ್ಮೆ ಕಲಿತ ವಿದ್ಯೆ ಜೀವಮಾನಕ್ಕೆ ಸಾಕಾಗುತ್ತಿತ್ತು, ಮಗನಿಗೂ ಸಾಕಾಗುತ್ತಿತ್ತು. ಅವನ ಕೆಲಸಕ್ಕೆ ಒಂದು ಋತುಮಾನವಿದ್ದಿತು. ಲೆಕ್ಕದ ವರ್ಷವಾದ ಫಸಲಿ ಜುಲೈ ಒಂದರಂದು ಮೊದಲಾಗುತ್ತಿತ್ತು. ಬಿತ್ತನೆಯಾದ ಮೇಲೆ ಹೊಲಗಳನ್ನು ನೋಡಿ ಬರೆಯುವುದು, ಸುಗ್ಗಿಯ ಬಳಿಕ ಕಂತಿನ ವಸೂಲಿ, ಆಮೇಲೆ ಮೇಲಧಿಕಾರಿಗಳ ಮುಂದೆ ವರ್ಷದ ಲೆಕ್ಕವನ್ನೆಲ್ಲ ಒಪ್ಪಿಸುವ ಜಮಾಬಂದಿ. ಜಮಾಬಂದಿಯ ದಿನಗಳಲ್ಲಿ ಅವನ ಮನೆಯಲ್ಲಿ ದೀಪ ಆರುತ್ತಿರಲಿಲ್ಲ. ಅದು ಮುಗಿದೊಡನೆ ಹಗುರಾಗುತ್ತಿದ್ದನು. ಇಂಗ್ಲೆಂಡಿನ ಚರಿತ್ರಕಾರ ಇ. ಪಿ. ಥಾಂಪ್ಸನ್ ೧೯೬೭ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರಲ್ಲಿ, ಕಾರ್ಖಾನೆಗಳು ಬರುವ ಮೊದಲು ಜನರು ಗಡಿಯಾರಕ್ಕೆ ತಕ್ಕಂತಲ್ಲ, ಕೆಲಸಕ್ಕೆ ತಕ್ಕಂತೆ ದುಡಿಯುತ್ತಿದ್ದರೆಂದೂ, ಬಿಡುವು ಮತ್ತು ಬಿರುಸು ಒಂದಾದ ಮೇಲೊಂದರಂತೆ ಬರುತ್ತಿದ್ದುವೆಂದೂ ತೋರಿಸಿದ್ದಾನೆ. ಕರಣಿಕನ ದುಡಿಮೆಯೂ ಹೆಚ್ಚು ಕಡಮೆ ಇದೇ ಬಗೆಯದು.

ಆದರೆ ಇದನ್ನು ಓದಿ ಹಳೆಯ ಕಾಲವೇ ಚೆನ್ನಾಗಿತ್ತೆಂದು ಯಾರೂ ನಿಟ್ಟುಸಿರು ಬಿಡಬೇಕಾದುದಿಲ್ಲ. ಕರಣಿಕನ ನೆಮ್ಮದಿ ರೈತನ ಅಂಜಿಕೆಯ ಮೇಲೆ ನಿಂತಿದ್ದಿತು. ಲೆಕ್ಕದ ಪುಸ್ತಕಗಳು ಅವನ ಮನೆಯ ಪೆಟ್ಟಿಗೆಯಲ್ಲಿದ್ದುವು. ಓದುಬಾರದ ರೈತನಿಗೆ ತನ್ನ ಹೊಲ ತನ್ನ ಹೆಸರಿನಲ್ಲಿದೆಯೆಂಬುದಕ್ಕೆ ಕರಣಿಕನ ಬಾಯಿಮಾತೇ ಆಧಾರ. ಹುದ್ದೆ ವಂಶಪಾರಂಪರ್ಯವಾಗಿದ್ದು ಕೆಲವೇ ಮನೆತನಗಳಲ್ಲಿ, ಅದರಲ್ಲಿಯೂ ಬರವಣಿಗೆಯ ಜಾತಿಗಳಲ್ಲಿ, ಉಳಿದುಕೊಂಡಿದ್ದಿತು. ಉದ್ಯೋಗಕ್ಷೇಮದ ವಿಚಾರ ಮಾಡುವಾಗ ಈ ಒಂದು ಅಂಶವನ್ನು ಮರೆಯಲಾಗದು: ಕುಳಿತವನ ಸುಖವನ್ನು ಅಳೆಯುವಾಗ ಎದುರಿಗೆ ನಿಂತವನ ಕಷ್ಟವನ್ನೂ ತಕ್ಕಡಿಗೆ ಹಾಕಬೇಕು.

ಈ ಪದ್ಧತಿಗೆ ಕೊನೆ ಬಂದುದು ೧೯೬೧ರ ಮೈಸೂರು ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯಿಂದ. ಇದು ಜಾರಿಗೆ ಬಂದುದು ೧೯೬೩ರ ಫೆಬ್ರವರಿ ೧ರಂದು. ಮರುವರ್ಷದ ಭೂಕಂದಾಯ ಕಾಯಿದೆ ಇಡೀ ರಾಜ್ಯಕ್ಕೆ ಏಕರೂಪದ ಕ್ರಮವನ್ನು ತಂದಿತು. ಕರಣಂ, ಶಾನುಭೋಗ, ಕುಲಕರ್ಣಿ, ಪಟವಾರಿ ಎಂಬ ನಾಲ್ಕು ಹೆಸರುಗಳು ಹೋಗಿ ಗ್ರಾಮಲೆಕ್ಕಿಗ ಎಂಬ ಒಂದು ಹೆಸರು ನಿಂತಿತು. ಅಡಂಗಲ್ ಹೋಗಿ ಪಹಣಿ ಬಂದಿತು. ಗ್ರಾಮಲೆಕ್ಕಿಗನು ಸಂಬಳದ ನೌಕರ, ವರ್ಗವಾಗಿ ಹೋಗುವವನು, ಪರೀಕ್ಷೆ ಮತ್ತು ಮೀಸಲಾತಿಯ ಮೂಲಕ ಬಂದವನು. ಅವನ ಅಧಿಕಾರ ತಗ್ಗಿತಾದರೂ ಕೈಬರಹದ ಪಹಣಿ ಅವನ ವಶದಲ್ಲಿಯೇ ಉಳಿಯಿತು. ೧೯೭೪ರ ಭೂಸುಧಾರಣೆಯ ತರುವಾಯ ಗೇಣಿದಾರರ ಹಣೆಬರಹ ನಿಂತದ್ದು ಪಹಣಿಯ ಸಾಗುವಳಿದಾರನ ಕಾಲಮಿನಲ್ಲಿ ಯಾರ ಹೆಸರಿದೆಯೆಂಬುದರ ಮೇಲೆ. ಆ ಕಾಲಮನ್ನು ತುಂಬುವ ಲೇಖನಿ ಎಷ್ಟು ಬೆಲೆಬಾಳುವಂಥದಾಗಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಲೇಖನಿಯನ್ನು ಕಸಿದುಕೊಂಡುದು ‘ಭೂಮಿ’ ಯೋಜನೆ. ರಾಜ್ಯದ ಸುಮಾರು ೬೭ ಲಕ್ಷ ಭೂಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ೨೦೦೨ರ ವೇಳೆಗೆ ಕೈಬರಹದ ಪಹಣಿಗೆ ಮಾನ್ಯತೆಯನ್ನು ತೆಗೆದುಹಾಕಲಾಯಿತು. ರೈತನು ತಾಲ್ಲೂಕು ಕಚೇರಿಗೆ ಹೋಗಿ ೧೫ ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ವಿಲೇವಾರಿ ಮಾಡಬೇಕೆಂದು ಯಂತ್ರದಲ್ಲಿಯೇ ಕಟ್ಟು ಹಾಕಲಾಯಿತು. ತಿದ್ದುಪಡಿ ಮಾಡುವ ನೌಕರನು ಬೆರಳಚ್ಚನ್ನು ಒತ್ತಿದ ಮೇಲೆಯೇ ಯಂತ್ರ ತೆರೆಯುತ್ತಿತ್ತು. ಆಗ ರಾಜ್ಯದಲ್ಲಿದ್ದ ಸುಮಾರು ೯,೦೦೦ ಗ್ರಾಮಲೆಕ್ಕಿಗರು ಒಂದೇ ಏಟಿಗೆ ದಾಖಲೆಯ ಒಡೆತನವನ್ನು ಕಳೆದುಕೊಂಡರು. ಇದು ರೈತನಿಗೆ ಲಾಭವಾದುದರಲ್ಲಿ ಸಂಶಯವಿಲ್ಲ. ಭೂಮಿ ಯೋಜನೆಯಿಂದ ಪಟ್ಟಣದಂಚಿನ ಜಮೀನಿನ ವ್ಯಾಪಾರಿಗಳಿಗೇ ಹೆಚ್ಚು ಅನುಕೂಲವಾಯಿತೆಂದು ವಾದಿಸುವ ವಿದ್ವಾಂಸರೂ ಉಂಟು. ಆ ಚರ್ಚೆ ಪ್ರಕೃತಕ್ಕೆ ಅನವಶ್ಯಕ. ಇಲ್ಲಿ ಗಮನಿಸಬೇಕಾದುದೇನೆಂದರೆ, ಗ್ರಾಮಲೆಕ್ಕಿಗನು ಅಧಿಕಾರವನ್ನು ಕಳೆದುಕೊಂಡನೇ ಹೊರತು ಕೆಲಸವನ್ನಲ್ಲ. ನೋಟೀಸು ಜಾರಿ, ಸ್ಥಳತನಿಖೆ, ಬೆಳೆಯ ವಿವರ, ಬರ ಮತ್ತು ನೆರೆಯ ನಷ್ಟದ ಅಂದಾಜು, ಜಾತಿ ಹಾಗೂ ಆದಾಯ ಪ್ರಮಾಣಪತ್ರಗಳ ವರದಿ, ಪಿಂಚಣಿದಾರರ ಪರಿಶೀಲನೆ, ಚುನಾವಣೆ ಇವೆಲ್ಲ ಅವನ ಹೆಗಲ ಮೇಲೆಯೇ ಉಳಿದುವು.

ಇಲ್ಲಿಂದ ಮುಂದಿನದು ಇತ್ತೀಚಿನ ಹತ್ತು ವರ್ಷಗಳ ಕಥೆ. ಭೂಮಿ ಯೋಜನೆಯ ಯಂತ್ರ ತಾಲ್ಲೂಕು ಕಚೇರಿಯ ಒಂದು ಕೋಣೆಯಲ್ಲಿದ್ದಿತು. ಅದರ ಮುಂದೆ ಕುಳಿತುಕೊಳ್ಳಲು ಬೇರೆ ನೌಕರರಿದ್ದರು. ಮೊಬೈಲ್ ಹಾಗಲ್ಲ. ಅದು ಗ್ರಾಮಲೆಕ್ಕಿಗನ ಜೇಬಿನಲ್ಲಿಯೇ ಇರುತ್ತದೆ. ೨೦೧೭ರಲ್ಲಿ ಬೆಳೆ ಸಮೀಕ್ಷೆ ಫೋನಿಗೆ ಬಂದಿತು; ಹೊಲದೊಳಗೆ ನಿಂತು ಬೆಳೆಯ ಚಿತ್ರವನ್ನು ತೆಗೆದು ಕಳುಹಿಸುವುದು ಇದರ ಕ್ರಮ. ಈ ಕೆಲಸಕ್ಕೆ ಊರಿನ ಯುವಕರನ್ನು ಗೊತ್ತುಮಾಡಿಕೊಂಡರು. ೨೦೨೦ರಲ್ಲಿ ರೈತರೇ ಚಿತ್ರ ತೆಗೆಯುವ ಅವಕಾಶವನ್ನೂ ಕಲ್ಪಿಸಿದರು. ಆಮೇಲೆ ಒಂದರ ಹಿಂದೊಂದು ಆ್ಯಪ್‌ಗಳು ಬಂದುವು. ಪಹಣಿಗೆ ಆಧಾರ್ ಜೋಡಣೆ, ಸರ್ಕಾರಿ ಜಮೀನಿನ ಬಳಿಗೆ ಹೋಗಿ ಸ್ಥಳಗುರುತು ದಾಖಲಿಸುವ ಲ್ಯಾಂಡ್ ಬೀಟ್, ಬಗರ್‌ಹುಕುಂ ಅರ್ಜಿಗಳ ಪರಿಶೀಲನೆ, ಪಿಂಚಣಿದಾರರ ಪತ್ತೆಗೆ ನವೋದಯ, ಚುನಾವಣೆಗೆ ಗರುಡ, ಕಚೇರಿಯ ಪತ್ರವ್ಯವಹಾರಕ್ಕೆ ಇ-ಆಫೀಸ್. ಪ್ರತಿಯೊಂದಕ್ಕೂ ಬೇರೆ ಲಾಗಿನ್, ಬೇರೆ ಗುಪ್ತಪದ, ಬೇರೆ ಗಡುವು. ಈ ನಡುವೆ ನೌಕರನ ಹೆಸರೂ ಬದಲಾಗಿ ಗ್ರಾಮ ಆಡಳಿತ ಅಧಿಕಾರಿ ಎಂದಾಯಿತು. ಜನರು ಮಾತ್ರ ಇನ್ನೂ ‘ವಿಎ’ ಎಂದೇ ಕರೆಯುತ್ತಾರೆ. ನಮ್ಮ ಕಡೆಯ ಮುದುಕರ ಬಾಯಲ್ಲಿ ಅವನು ಈಗಲೂ ಶಾನುಭೋಗನೇ.

ನನ್ನ ಸೋದರಮಾವಂದಿರೊಬ್ಬರು ಈ ಹುದ್ದೆಯಲ್ಲಿದ್ದು ಕೆಲವು ವರ್ಷಗಳ ಹಿಂದೆ ನಿವೃತ್ತರಾದರು. ಕೆಲಸಕ್ಕೆ ಸೇರಿದ ಕಾಲಕ್ಕೆ ಅವರ ಬರವಣಿಗೆಯನ್ನು ನೋಡಲೆಂದೇ ಬೇರೆ ವೃತ್ತದ ಲೆಕ್ಕಿಗರು ಬರುತ್ತಿದ್ದರಂತೆ. ಸೇವೆಯ ಕೊನೆಯ ಐದಾರು ವರ್ಷಗಳಲ್ಲಿ ಅವರ ಕೈಗೆ ಫೋನು ಬಂದಿತು. ಹಗಲೆಲ್ಲ ಹಳ್ಳಿ ತಿರುಗಿ ಕಾಗದದ ಚೀಟಿಗಳಲ್ಲಿ ವಿವರ ಬರೆದುಕೊಂಡು ಬರುತ್ತಿದ್ದರು. ರಾತ್ರಿ ರೊಟ್ಟಿ ಉಂಡಾದ ಮೇಲೆ, ಸರ್ವರ್ ಸ್ವಲ್ಪ ಹಗುರಾಗುವ ಹತ್ತು ಗಂಟೆಯ ಹೊತ್ತಿಗೆ, ಬಿ.ಎ. ತರಗತಿಯಲ್ಲಿದ್ದ ಅವರ ಮಗಳು ಅಪ್ಪನ ಲಾಗಿನ್ನಿನಲ್ಲಿ ಕುಳಿತು ಆ ಚೀಟಿಗಳನ್ನೆಲ್ಲ ಒಂದೊಂದಾಗಿ ಏರಿಸುತ್ತಿದ್ದಳು. ಓಟಿಪಿ ಬರುವವರೆಗೆ ಇಬ್ಬರೂ ಪರದೆಯನ್ನೇ ನೋಡುತ್ತ ಕುಳಿತಿರುತ್ತಿದ್ದರು. ಮಾವನವರು ಗುಪ್ತಪದಗಳನ್ನೆಲ್ಲ ಒಂದು ಚಿಕ್ಕ ನೋಟುಬುಕ್ಕಿನಲ್ಲಿ ಅಂದವಾದ ಅಕ್ಷರದಲ್ಲಿ ಬರೆದಿಟ್ಟಿದ್ದರು. ಒಮ್ಮೆ ನನ್ನೊಡನೆ, “ಊರಿನವರ ಕಾಗದ ಓದಿ ಹೇಳೋನು ನಾನು. ಈಗ ನನ್ನ ಕಾಗದಾನ ಮಗಳು ಓದಿ ಹೇಳಬೇಕು ನೋಡಪ್ಪ” ಎಂದರು. ನಗುತ್ತಲೇ ಹೇಳಿದ ಮಾತು. ಆದರೆ ಅಂದು ಅವರು ಮತ್ತೇನೂ ಮಾತಾಡಲಿಲ್ಲ.

ಈ ಒಂದು ಮನೆಯ ಸಂಗತಿಯಿಂದ ಸಾಮಾನ್ಯ ನಿಯಮವನ್ನು ಕಟ್ಟಲಾಗದೆಂಬುದನ್ನು ನಾನು ಬಲ್ಲೆ. ಆದರೂ ಅದರಲ್ಲಿ ಎರಡು ಬೇರೆ ಬೇರೆ ನೋವುಗಳು ಹೆಣೆದುಕೊಂಡಿರುವುದನ್ನು ವಾಚಕರು ಗಮನಿಸಬೇಕು. ಮೊದಲನೆಯದು ಕಲಿಯಲಾಗದ ಕಷ್ಟ. ಎರಡನೆಯದು, ಕಲಿತಿದ್ದುದು ಬೆಲೆಗೆಟ್ಟ ಕಷ್ಟ. ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ನೋಡಿ, ತರಬೇತಿ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆಂದು ಹೇಳುವುದುಂಟು. ಅಮೆರಿಕೆಯ ಮನಶ್ಶಾಸ್ತ್ರಜ್ಞ ಕ್ರೇಗ್ ಬ್ರಾಡ್ ೧೯೮೪ರಲ್ಲಿ ‘ಟೆಕ್ನೋಸ್ಟ್ರೆಸ್’ ಎಂಬ ಹೆಸರಿನಲ್ಲಿಯೇ ಪುಸ್ತಕವೊಂದನ್ನು ಬರೆದು, ಹೊಸ ಗಣಕಸಾಧನಗಳಿಗೆ ಹೊಂದಿಕೊಳ್ಳಲಾರದುದರಿಂದ ಹುಟ್ಟುವ ಕಳವಳವನ್ನು ವಿವರಿಸಿದನು. ‘ಯಂತ್ರಾಯಾಸ’ವೆಂದು ಇದನ್ನು ಕನ್ನಡದಲ್ಲಿ ಕರೆಯಬಹುದೇನೋ. ನಾಲ್ಕು ವರ್ಷಗಳ ತರುವಾಯ ಶೊಶಾನಾ ಜುಬಾಫ್ ಎಂಬ ವಿದುಷಿ ಕಾಗದದ ಗಿರಣಿಗಳಲ್ಲಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿದಳು. ತಿರುಳಿನ ಹದವನ್ನು ಕೈಯಿಂದ ಮುಟ್ಟಿ, ಮೂಗಿನಿಂದ ಮೂಸಿ ಅರಿಯುತ್ತಿದ್ದ ಅನುಭವಿ ಕೆಲಸಗಾರರು ಗಾಜಿನ ಕೋಣೆಯಲ್ಲಿ ಕುಳಿತು ಪರದೆಯ ಮೇಲಿನ ಅಂಕಿಗಳನ್ನು ಓದಬೇಕಾಗಿ ಬಂದಾಗ, ತಮ್ಮ ಮೈಯಲ್ಲಿದ್ದ ಅರಿವೇ ಕಳೆದುಹೋಯಿತೆಂದು ಪರಿತಪಿಸಿದರೆಂದು ಅವಳು ತಿಳಿಸುತ್ತಾಳೆ. ಕಣ್ಣಳತೆಯಲ್ಲಿ ಹೊಲವನ್ನು ಬಲ್ಲ ಲೆಕ್ಕಿಗನು ಉಪಗ್ರಹದ ಗುರುತು ಬರುವವರೆಗೆ ಅದೇ ಹೊಲದಲ್ಲಿ ಫೋನನ್ನು ಮೇಲೆತ್ತಿ ನಿಂತಿರುವಾಗಿನ ಮನಸ್ಥಿತಿ ಇದಕ್ಕಿಂತ ದೂರದ್ದಲ್ಲ.

ಆದರೆ ಯಂತ್ರವೊಂದನ್ನೇ ದೂರುವುದು ಸರಿಯಲ್ಲ. ಈ ವಿಷಯದಲ್ಲಿ ಬಹಳ ಉಪಯುಕ್ತವಾದ ಒಂದು ಹಳೆಯ ಅಧ್ಯಯನವಿದೆ. ೧೯೫೧ರಲ್ಲಿ ಲಂಡನಿನ ಟಾವಿಸ್ಟಾಕ್ ಸಂಸ್ಥೆಯ ಎರಿಕ್ ಟ್ರಿಸ್ಟ್ ಮತ್ತು ಕೆನೆತ್ ಬ್ಯಾಮ್‌ಫರ್ತ್ ಎಂಬುವರು ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಬ್ಯಾಮ್‌ಫರ್ತ್ ಸ್ವತಃ ಗಣಿಯಲ್ಲಿ ದುಡಿದವನು. ಹಿಂದೆ ಎರಡು ಮೂರು ಮಂದಿಯ ಚಿಕ್ಕ ಗುಂಪು ಕಲ್ಲಿದ್ದಲನ್ನು ಅಗೆಯುವುದರಿಂದ ಹಿಡಿದು ತುಂಬುವವರೆಗೆ ಎಲ್ಲ ಕೆಲಸವನ್ನೂ ತನ್ನ ಎಣಿಕೆಯಂತೆ ಮಾಡಿಕೊಳ್ಳುತ್ತಿತ್ತು. ಯಂತ್ರಗಳು ಬಂದ ಮೇಲೆ ಆ ಕೆಲಸವನ್ನು ಮೂರು ಪಾಳಿಗಳಾಗಿ ಒಡೆದು ಒಬ್ಬೊಬ್ಬನಿಗೆ ಒಂದೊಂದು ತುಣುಕನ್ನು ಹಂಚಲಾಯಿತು. ಯಂತ್ರಗಳು ಉತ್ತಮವಾಗಿಯೇ ಇದ್ದುವು; ಆದರೂ ಉತ್ಪಾದನೆ ನಿರೀಕ್ಷೆಯನ್ನು ಮುಟ್ಟಲಿಲ್ಲ, ಕೆಲಸಗಾರರಲ್ಲಿ ಗೈರುಹಾಜರಿಯೂ ಮನಃಕ್ಲೇಶವೂ ಹೆಚ್ಚಿದುವು. ದೋಷವಿದ್ದುದು ಯಂತ್ರದಲ್ಲಲ್ಲ, ಯಂತ್ರದ ಸುತ್ತ ಕೆಲಸವನ್ನು ಹೊಂದಿಸಿದ ರೀತಿಯಲ್ಲಿ. ೧೯೭೯ರಲ್ಲಿ ರಾಬರ್ಟ್ ಕರಾಸೆಕ್ ಎಂಬಾತನು ಅಮೆರಿಕ ಮತ್ತು ಸ್ವೀಡನ್ ದೇಶಗಳ ಕೆಲಸಗಾರರ ಮಾಹಿತಿಯನ್ನು ಪರಿಶೀಲಿಸಿ ಇದೇ ಮಾತನ್ನು ಬೇರೊಂದು ರೀತಿಯಲ್ಲಿ ಹೇಳಿದನು. ಅವನ ಪ್ರಕಾರ ಬರಿಯ ಕೆಲಸದ ಹೊರೆ ಮನುಷ್ಯನನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ. ಹೊರೆ ಹೆಚ್ಚಾಗಿದ್ದು, ಅದನ್ನು ಹೇಗೆ, ಯಾವಾಗ ಹೊರಬೇಕೆಂಬ ವಿಷಯದಲ್ಲಿ ತನ್ನ ಮಾತೇನೂ ನಡೆಯದಿದ್ದಾಗ ಮನುಷ್ಯ ಕುಗ್ಗುತ್ತಾನೆ.

ಈ ಸೂತ್ರವನ್ನು ಹಿಡಿದು ನೋಡಿದರೆ ನಮ್ಮ ಲೆಕ್ಕಿಗನ ಇನ್ನೂರು ವರ್ಷಗಳ ಚರಿತ್ರೆ ಸ್ಪಷ್ಟವಾಗುತ್ತದೆ. ಕರಣಿಕನಿಗೆ ಹೊರೆಯಿದ್ದಿತು, ಹಿಡಿತವೂ ಇದ್ದಿತು. ಹಿಡಿತ ಅತಿಯಾಗಿಯೇ ಇದ್ದಿತು. ಕೈಬರಹದ ಪಹಣಿಯ ಗ್ರಾಮಲೆಕ್ಕಿಗನಿಗೆ ಎರಡೂ ಸ್ವಲ್ಪಮಟ್ಟಿಗೆ ಇದ್ದುವು. ಇಂದಿನ ಗ್ರಾಮ ಆಡಳಿತ ಅಧಿಕಾರಿಗೆ ಹೊರೆ ಮೊದಲಿಗಿಂತ ಹೆಚ್ಚು. ಹಿಡಿತ ಬಹುಮಟ್ಟಿಗೆ ಇಲ್ಲ. ಯಾವ ಹಳ್ಳಿಗೆ ಮೊದಲು ಹೋಗಬೇಕು, ಯಾವ ಕೆಲಸವನ್ನು ನಾಳೆಗಿಡಬೇಕು ಎಂಬುದನ್ನು ಮೇಲಿನ ಕಚೇರಿಯಲ್ಲಿ ಸಂಜೆ ಸಂಜೆ ಸಿದ್ಧವಾಗುವ ಬಾಕಿ ಪಟ್ಟಿ ತೀರ್ಮಾನಿಸುತ್ತದೆ. ಆ ಪಟ್ಟಿಯಲ್ಲಿ ತಾಲ್ಲೂಕುಗಳಿಗೆ ಸ್ಥಾನಕ್ರಮವಿರುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಹಳೆಯ ಜಮಾಬಂದಿ ವರ್ಷಕ್ಕೊಮ್ಮೆ ಬರುತ್ತಿತ್ತು. ಈಗ ಪ್ರತಿ ಸಂಜೆಯೂ ಜಮಾಬಂದಿಯೇ.

೨೦೨೪ರ ಸೆಪ್ಟೆಂಬರ್ ೨೬ರಿಂದ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ನಡೆಸಿದ ಮುಷ್ಕರವನ್ನೂ, ೨೦೨೫ರ ಫೆಬ್ರವರಿ ೧೦ರಿಂದ ಮತ್ತೆ ಕೈಗೊಂಡ ಮುಷ್ಕರವನ್ನೂ ಈ ಹಿನ್ನೆಲೆಯಲ್ಲಿ ನೋಡುವುದು ಯುಕ್ತ. ಕೆಲಸದ ಮೊಬೈಲ್ ಆ್ಯಪ್‌ಗಳಿಂದ ದೂರವಿದ್ದು ಅವರು ತಾಲ್ಲೂಕು ಕಚೇರಿಗಳ ಮುಂದೆ ಕುಳಿತರು. ನೌಕರರ ಮುಷ್ಕರವೆಂದರೆ ಸಂಬಳ, ತುಟ್ಟಿಭತ್ಯ ಎಂದುಕೊಳ್ಳುವ ರೂಢಿ ನಮ್ಮಲ್ಲಿದೆ. ಇವರ ಬೇಡಿಕೆಗಳ ಪಟ್ಟಿಯನ್ನು ಓದಿದವರಿಗೆ ಬೇರೆಯೇ ಚಿತ್ರ ಕಾಣುತ್ತದೆ. ಹದಿನೇಳಕ್ಕಿಂತ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಮಾಡಬೇಕಾಗಿದೆಯೆಂಬುದು ಮುಖ್ಯ ದೂರು. ಅದಕ್ಕೆ ತಕ್ಕ ಫೋನು, ಲ್ಯಾಪ್‌ಟಾಪ್, ಮುದ್ರಣಯಂತ್ರ, ಸ್ಕ್ಯಾನರ್, ಅಂತರಜಾಲದ ಸೌಲಭ್ಯ ಬೇಕು; ಕುಳಿತು ಕೆಲಸ ಮಾಡಲು ಮೇಜು ಕುರ್ಚಿಗಳುಳ್ಳ ಕಚೇರಿ ಬೇಕು; ರಜೆಯ ದಿನಗಳಲ್ಲಿ ದುಡಿಯಬೇಕೆಂದು ಮೆಮೊ ಕೊಡುವುದು ನಿಲ್ಲಬೇಕು; ಗಂಡ ಹೆಂಡತಿ ಒಂದೆಡೆ ಇರುವಂತೆ ಜಿಲ್ಲೆಯಿಂದ ಜಿಲ್ಲೆಗೆ ವರ್ಗಾವಣೆಗೆ ಅವಕಾಶವಾಗಬೇಕು; ಬಡ್ತಿಯ ದಾರಿ ತೆರೆಯಬೇಕು. ಸ್ಥೂಲವಾಗಿ ಇವು ಅವರ ಕೋರಿಕೆಗಳು. ಇವುಗಳಲ್ಲಿ ‘ನಮಗೆ ಗಣಕಯಂತ್ರ ಬೇಡ’ ಎಂಬ ಮಾತು ಒಂದೂ ಇಲ್ಲ. ಯಂತ್ರವನ್ನು ಒಡೆಯಹೊರಟ ಇಂಗ್ಲೆಂಡಿನ ಲುಡ್ಡೈಟರೊಡನೆ ಇವರನ್ನು ಹೋಲಿಸಿದವರನ್ನು ನಾನು ಕೇಳಿದ್ದೇನೆ; ಆ ಹೋಲಿಕೆ ಸರಿಯಾದುದಲ್ಲ. ಇವರು ಕೇಳಿದ್ದು ಇನ್ನೂ ಒಳ್ಳೆಯ ಯಂತ್ರವನ್ನು, ಮತ್ತು ಯಂತ್ರ ಮುಚ್ಚುವ ಒಂದು ಹೊತ್ತನ್ನು.

ಈ ಕೊನೆಯ ಮಾತನ್ನು ಕುರಿತು ಹೊರದೇಶಗಳಲ್ಲಿ ಕಾನೂನುಗಳೇ ಆಗಿವೆ. ಫ್ರಾನ್ಸಿನಲ್ಲಿ ೨೦೧೭ರ ಜನವರಿ ೧ರಿಂದ, ಕೆಲಸದ ಹೊತ್ತು ಮುಗಿದ ಮೇಲೆ ಫೋನಿಗೆ ಉತ್ತರಿಸದಿರುವ ನೌಕರನ ಹಕ್ಕನ್ನು ಕುರಿತು ದೊಡ್ಡ ಸಂಸ್ಥೆಗಳು ಕಾರ್ಮಿಕರೊಡನೆ ಮಾತುಕತೆ ನಡೆಸಬೇಕೆಂಬ ನಿಯಮವಿದೆ. ಆಸ್ಟ್ರೇಲಿಯಾದಲ್ಲಿ ೨೦೨೪ರ ಆಗಸ್ಟಿನಲ್ಲಿ ಇಂಥದೇ ಹಕ್ಕು ಜಾರಿಗೆ ಬಂದಿತು. ಇದು ಸುಖಜೀವಿಗಳ ಹಂಬಲವೆಂದು ತಳ್ಳಿಹಾಕುವಂತಿಲ್ಲ: ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ೨೦೨೧ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ ೫೫ ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದುದರ ಫಲವಾಗಿ ೨೦೧೬ರ ಒಂದೇ ವರ್ಷದಲ್ಲಿ ಲಕ್ವ ಮತ್ತು ಹೃದ್ರೋಗಗಳಿಂದ ಸತ್ತವರು ಸುಮಾರು ೭,೪೫,೦೦೦ ಮಂದಿ.

ಗಣಕವಿದ್ಯೆ ಎಂಬುದನ್ನು ಕುರಿತು ಇಲ್ಲಿ ಎರಡು ಮಾತು. ಕರಣಿಕನ ವಿದ್ಯೆ ಒಮ್ಮೆ ಕಲಿತರೆ ಮುಗಿಯುತ್ತಿತ್ತು ಎಂದೆನಷ್ಟೆ. ಈ ವಿದ್ಯೆಗೆ ಮುಗಿತಾಯವಿಲ್ಲ. ಆ್ಯಪಿನ ರೂಪ ಆಗಾಗ ಬದಲಾಗುತ್ತದೆ. ನಿನ್ನೆ ಬಲಗಡೆಯಿದ್ದ ಗುಂಡಿ ಇಂದು ಎಡಗಡೆಗೆ ಬಂದಿರುತ್ತದೆ. ಬರವಣಿಗೆಯ ಸಂಗತಿಯೂ ಹೀಗೆಯೇ. ಕೆ. ಪಿ. ರಾಯರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸ ‘ನುಡಿ’ ತಂತ್ರಾಂಶದ ಮೂಲಕ ನಮ್ಮ ಸರ್ಕಾರಿ ಕಚೇರಿಗಳಲ್ಲೆಲ್ಲ ಹರಡಿ, ಕನ್ನಡದಲ್ಲಿ ವೇಗವಾಗಿ ಬರೆಯಬಲ್ಲ ಒಂದು ತಲೆಮಾರನ್ನು ಸಿದ್ಧಪಡಿಸಿತು. ಫೋನು ಬಂದೊಡನೆ ಹತ್ತು ಬೆರಳಿನ ಆ ಅಭ್ಯಾಸ ಮೂಲೆಗೆ ಸರಿದು ಹೆಬ್ಬೆರಳೊಂದೇ ಉಳಿಯಿತು. ಹೀಗಿರುವಲ್ಲಿ ತರಬೇತಿ ಎಂದರೆ ಎರಡು ದಿನದ ಶಿಬಿರವಲ್ಲ. ಪಕ್ಕದಲ್ಲಿ ಕುಳಿತು ಹೇಳಿಕೊಡುವ ಒಬ್ಬ ಮನುಷ್ಯ. ಹಿಂದೆ ತಂದೆ ಮಗನಿಗೆ ಹೇಳಿಕೊಡುತ್ತಿದ್ದನು. ಈಗ ಮಗಳು ತಂದೆಗೆ ಹೇಳಿಕೊಡುತ್ತಿದ್ದಾಳೆ. ಸೋದರಮಾವನವರ ಮಗಳಂತೆ ರಾತ್ರಿಯ ಹೊತ್ತು ಸರ್ಕಾರದ ಕೆಲಸ ಮಾಡಿಕೊಟ್ಟ ಮಕ್ಕಳು, ಮಡದಿಯರು, ತಮ್ಮಂದಿರು ಎಷ್ಟು ಮಂದಿ ಇದ್ದಾರೆಯೋ! ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇಲ್ಲ. ಅವರು ಲಾಗಿನ್ ಬಳಸಿದುದು ನಿಯಮಕ್ಕೆ ವಿರುದ್ಧ ಕೂಡ. ಆದುದರಿಂದ ಇದನ್ನು ಯಾರೂ ಹೇಳಿಕೊಳ್ಳುವುದಿಲ್ಲ.

ಹೊಸಬರ ಸ್ಥಿತಿ ಇದಕ್ಕಿಂತ ಭಿನ್ನವೆಂಬುದನ್ನೂ ಹೇಳಬೇಕು. ೨೦೨೪ರಲ್ಲಿ ೧,೦೦೦ ಗ್ರಾಮ ಆಡಳಿತ ಅಧಿಕಾರಿಗಳ ಹುದ್ದೆಗಳಿಗೆ ಅರ್ಜಿ ಕರೆದು ಸ್ಪರ್ಧಾತ್ಮಕ ಪರೀಕ್ಷೆಯನ್ನು ನಡೆಸಲಾಯಿತು. ಕೇಳಿದ್ದ ವಿದ್ಯಾರ್ಹತೆ ಪಿ.ಯು.ಸಿ.; ಪರೀಕ್ಷೆಗೆ ಕುಳಿತವರಲ್ಲಿ ನಮ್ಮ ಕಾಲೇಜುಗಳ ಪದವೀಧರರೂ ಸ್ನಾತಕೋತ್ತರ ಪದವೀಧರರೂ ಇದ್ದರು. ಇವರಿಗೆ ಫೋನು ಹೊಸದಲ್ಲ. ಬೆರಳುಗಳಿಗೆ ಅದು ಚಿಕ್ಕಂದಿನಿಂದಲೂ ಪರಿಚಿತ. ಇವರಿಗೆ ಹೊಸದು ಹೊಲ. ಅಣ್ಣತಮ್ಮಂದಿರ ಪಾಲಿನ ಜಗಳದ ನಡುವೆ ನಿಂತು ಯಾರ ಮಾತನ್ನು ನಂಬಬೇಕೆಂಬುದನ್ನು ಯಾವ ಆ್ಯಪೂ ಕಲಿಸುವುದಿಲ್ಲ. ಹಳಬರು ಯಂತ್ರದ ಮುಂದೆ ಅನುಭವಿಸುವ ಸಂಕೋಚವನ್ನು ಈ ಕಿರಿಯರು ಪಂಚರ ಮುಂದೆ ಅನುಭವಿಸುತ್ತಾರೆ. ಹಳಬನೊಬ್ಬನನ್ನೂ ಕಿರಿಯನೊಬ್ಬನನ್ನೂ ಜೊತೆಗೂಡಿಸಿದರೆ ಇಬ್ಬರಿಗೂ ಅನುಕೂಲವೆಂದು ತೋರುತ್ತದೆ. ಟ್ರಿಸ್ಟ್ ಕಂಡ ಹಳೆಯ ಗಣಿಯ ಗುಂಪುಗಳಲ್ಲಿ ಇದ್ದುದು ಇಂಥದೇ ಏರ್ಪಾಡು. ಒಂದು ವೃತ್ತಕ್ಕೆ ಒಬ್ಬನೇ ಎಂಬ ನಮ್ಮ ಹಂಚಿಕೆಯಲ್ಲಿ, ಕೆಲವೊಮ್ಮೆ ಎರಡು ವೃತ್ತಗಳಿಗೆ ಒಬ್ಬನೇ ಆಗುವಲ್ಲಿ, ಇದಕ್ಕೆ ಎಡೆಯಿಲ್ಲ.

ಗ್ರಾಮಲೆಕ್ಕಿಗನೊಬ್ಬನೇ ಈ ಹಾದಿಯಲ್ಲಿಲ್ಲ. ೨೦೨೧ರಿಂದ ಅಂಗನವಾಡಿ ಕಾರ್ಯಕರ್ತೆಯರು ಪೋಷಣ್ ಟ್ರ್ಯಾಕರ್ ತುಂಬುತ್ತಿದ್ದಾರೆ. ೨೦೨೫ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕುಳಿತಾಗ, ಮಾಡಿದ ಕೆಲಸ ಪೋರ್ಟಲಿನಲ್ಲಿ ಸರಿಯಾಗಿ ದಾಖಲಾಗದೆ ಪ್ರೋತ್ಸಾಹಧನ ಕೈತಪ್ಪುತ್ತಿದೆಯೆಂಬುದೂ ಅವರ ದೂರುಗಳಲ್ಲೊಂದಾಗಿತ್ತು. ಅದೇ ವರ್ಷದ ಸೆಪ್ಟೆಂಬರ್ ೨೨ರಂದು ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಶಾಲಾ ಶಿಕ್ಷಕರು ಆ್ಯಪ್ ಹಿಡಿದು ಮನೆಮನೆಗೆ ಹೋದರು. ಆ್ಯಪಿನ ತೊಡಕುಗಳೂ ನೆಟ್‌ವರ್ಕಿನ ಅಭಾವವೂ ಕೂಡಿ, ಅಕ್ಟೋಬರ್ ೭ಕ್ಕೆ ಮುಗಿಯಬೇಕಾಗಿದ್ದ ಸಮೀಕ್ಷೆ ಮುಂದಕ್ಕೆ ಹೋಯಿತು. ಈ ಒಂದೊಂದು ವರ್ಗದ ಅನುಭವವೂ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದುದು.

ರೈತನ ಕಡೆಯಿಂದಲೂ ಒಮ್ಮೆ ನೋಡುವುದು ನ್ಯಾಯ. ಕೂಡ್ಲಿಗಿ ಸೀಮೆ ಮಳೆ ನಂಬಿದ ಸೀಮೆ. ಶೇಂಗಾ, ಮೆಕ್ಕೆಜೋಳ, ಜೋಳ ಬೆಳೆಯುವ ರೈತನಿಗೆ ಬರಪರಿಹಾರ, ಬೆಳೆವಿಮೆ ಇವು ಬೆಳೆಯಷ್ಟೇ ಮುಖ್ಯ. ಇಂದು ಪರಿಹಾರದ ಹಣ ಯಾರ ಕೈಯನ್ನೂ ದಾಟದೆ ನೇರವಾಗಿ ಅವನ ಖಾತೆಗೆ ಬರುತ್ತದೆ. ಹಿಂದೆ ಕರಣಿಕನ ಜಗಲಿಯ ಕೆಳಗೆ ಕೈಕಟ್ಟಿ ನಿಲ್ಲುತ್ತಿದ್ದವನ ಮೊಮ್ಮಗ ತನ್ನ ಪಹಣಿಯನ್ನು ತನ್ನ ಫೋನಿನಲ್ಲಿಯೇ ನೋಡಿಕೊಳ್ಳುತ್ತಾನೆ. ಇದು ಸಣ್ಣ ಮಾತಲ್ಲ. ಆದರೆ ಆಧಾರ್ ಹೆಸರಿಗೂ ಪಹಣಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಾದರೆ ಹಣ ನಿಲ್ಲುತ್ತದೆ. ಆಗ ಅವನು ಹುಡುಕಿಕೊಂಡು ಬರುವುದು ಆ ಲೆಕ್ಕಿಗನನ್ನೇ. ತಿದ್ದುವ ಅಧಿಕಾರ ತನ್ನ ಕೈಯಲ್ಲಿಲ್ಲವೆಂದು ಲೆಕ್ಕಿಗನು ಹೇಳಿದರೆ ರೈತನು ನಂಬುವುದಿಲ್ಲ. ಅವನ ತಾತ ಕಂಡ ಲೆಕ್ಕಿಗನಿಗೆ ಎಲ್ಲ ಅಧಿಕಾರವೂ ಇದ್ದಿತಷ್ಟೆ. ಇಲ್ಲದ ಅಧಿಕಾರಕ್ಕೆ ಬೈಗಳು ತಿನ್ನುವ ಈ ಸ್ಥಿತಿ ಇಂದಿನ ನೌಕರನ ದಣಿವಿನ ಬಹುದೊಡ್ಡ ಪಾಲೆಂದು ನನ್ನ ಅಭಿಪ್ರಾಯ.

ಚರಿತ್ರೆಯ ವಿಭಾಗಗಳಿಗೆ ಇಲ್ಲೊಂದು ಕೆಲಸವಿದೆ. ಕರ್ನಲ್ ಕಾಲಿನ್ ಮೆಕೆಂಜಿಯ ಜನರು ಇನ್ನೂರು ವರ್ಷಗಳ ಹಿಂದೆ ಊರೂರಿನ ಕರಣಿಕರಿಂದ ಕೈಫಿಯತ್ತುಗಳನ್ನು ಸಂಗ್ರಹಿಸಿದರು, ಅವುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಕರಣಿಕರು ಬರೆದಿಟ್ಟುದರಿಂದಲೇ ನಮ್ಮ ಪಾಳೆಯಗಾರರ ಚರಿತ್ರೆಯ ಎಷ್ಟೋ ಭಾಗ ಉಳಿದುಬಂದಿದೆ. ಇಂದಿನ ಲೆಕ್ಕಿಗನು ಬರೆಯುವುದೆಲ್ಲ ದೂರದ ಸರ್ವರಿಗೆ ಹೋಗುತ್ತದೆ. ಅವನ ವೃತ್ತದಲ್ಲಿ ಅದರ ನಕಲೂ ಉಳಿಯುವುದಿಲ್ಲ. ಉಳಿದಿರುವುವು ಮುಷ್ಕರದ ಮನವಿಪತ್ರಗಳು, ಕರಪತ್ರಗಳು, ಮೆಮೊಗಳು, ಅಂದಂದಿನ ಚೀಟಿಗಳು. ಐದು ತಾಲ್ಲೂಕುಗಳಲ್ಲಿ ನಿವೃತ್ತ ಲೆಕ್ಕಿಗರ ಮನೆಗಳಿಗೆ ಹೋಗಿ, ಅವರು ಒಪ್ಪಿದಲ್ಲಿ, ಇವುಗಳನ್ನು ಸಂಗ್ರಹಿಸುವ ಕೆಲಸಕ್ಕೆ ಕಳೆದ ವರ್ಷದಿಂದ ನನ್ನ ಕೆಲವು ವಿದ್ಯಾರ್ಥಿಗಳನ್ನು ಹಚ್ಚಿದ್ದೇನೆ. ಸೋದರಮಾವನವರು ತಮ್ಮ ನೋಟುಬುಕ್ಕನ್ನು ಕೊಡಲು ಇನ್ನೂ ಒಪ್ಪಿಲ್ಲ. ಅದರಲ್ಲಿರುವ ಲಾಗಿನ್ನುಗಳೆಲ್ಲ ಅವರು ನಿವೃತ್ತರಾದ ದಿನವೇ ಮುಚ್ಚಿಹೋಗಿವೆಯೆಂದು ಎಷ್ಟು ಹೇಳಿದರೂ, ಅದು ಸರ್ಕಾರಿ ದಾಖಲೆ, ಹಾಗೆಲ್ಲ ಹೊರಗೆ ಕೊಡಬಾರದು ಎನ್ನುತ್ತಾರೆ.